ಪೀಣ್ಯದ ಹಾರ್ನಿನ ಹುಟ್ಟೂರು

ಪೀಣ್ಯದಲ್ಲಿ ಕೆಲಸ ಮಾಡುವವರಿಗೆ ದೇಶಭಕ್ತಿ ಹಬ್ಬದ ದಿನ ಬರುವುದಿಲ್ಲ, ತಪಾಸಣೆಯ ದಿನ ಬರುತ್ತದೆ. ಬಂದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಅಂಥವುಗಳಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ. ನಗುವುದು ಬಿಡುವುದು ಓದುವವರಿಗೆ ಸೇರಿದ್ದು. ನಡೆಯುವಾಗ ನಮ್ಮಲ್ಲಿ ಯಾರೂ ನಕ್ಕಿರಲಿಲ್ಲ.

ನಾನು ಕಾರಿನ ಹಾರ್ನ್ ಮಾಡುವ ಸಣ್ಣ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿದ್ದೇನೆ. ವಿಭಾಗ ಎಂದರೆ ನಾನು, ಒಂದು ಮೇಜು ಮತ್ತು ಒಂದು ಫೋನು. ನಮ್ಮ ಯಜಮಾನರು ದಾವಣಗೆರೆ ಕಡೆಯವರು. ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ಬಂದು, ಪ್ರೆಸ್ ಮಿಷಿನ್ನಿಗೆ ಕೈಮುಗಿದು, ಆಮೇಲೆ ನಮ್ಮ ಮುಖ ನೋಡುತ್ತಾರೆ. ಈಚೆಗೆ ಮಿಷಿನ್ನಿಗೆ ಕೈಮುಗಿಯುವುದು ಸ್ವಲ್ಪ ಉದ್ದವಾಗಿತ್ತು. ನಮ್ಮ ದೊಡ್ಡ ಗಿರಾಕಿ ಕೈಬಿಟ್ಟಿದ್ದ. ಕಾರ್ಖಾನೆ ಇರುವ ಶೆಡ್ಡಿನ ಮಾಲೀಕರಿಗೆ ಅದನ್ನು ಆನ್‌ಲೈನ್ ಸಾಮಾನಿನ ಗೋದಾಮು ಮಾಡುವ ಆಸೆ ಹುಟ್ಟಿತ್ತು. ಆಗ ಕಾರು ಕಂಪನಿಯೊಂದು 'ಅಪ್ಪಟ ಸ್ವದೇಶಿ ಕಾರು' ತರುವುದಾಗಿ ಹೇಳಿ, ಅದಕ್ಕೆ ಸ್ವದೇಶಿ ಹಾರ್ನ್ ಬೇಕೆಂದಿತು. ಕಂಪನಿ ಹೊರದೇಶದ್ದು, ಕಾರು ಸ್ವದೇಶಿ. ಇದರಲ್ಲಿ ವಿರೋಧಾಭಾಸ ಕಂಡವರು ಅರ್ಥಶಾಸ್ತ್ರ ಓದಿಲ್ಲವೆಂದು ತಿಳಿಯಬೇಕು.

ಆ ಆರ್ಡರ್ ಬಂದರೆ ಕಾರ್ಖಾನೆ ನಡೆಯುತ್ತದೆ, ಬರದಿದ್ದರೆ ಬಾಗಿಲು ಮುಚ್ಚುತ್ತದೆ. ತಂತಿ ಸುತ್ತುವ ಮೇಜಿನ ಹೆಂಗಸರು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಯಜಮಾನರು ಕಿಟಕಿಯಿಂದ ನೋಡಿ, "ಇವ್ರೆಲ್ಲ ಎಲ್ಲಿಗೆ ಹೋಗ್ಬೇಕ್ರೀ?" ಎಂದು ಕೇಳುತ್ತಿದ್ದರು. ನಾನು ಎಲ್ಲಿಗೆ ಹೋಗಬೇಕೆಂದು ಅವರು ಕೇಳಲಿಲ್ಲವಲ್ಲ ಎಂಬ ಸಣ್ಣ ಬೇಸರ ನನಗೆ.

ನಿಮ್ಮದು ಅಂತ ಏನಿದೆ?

ಕಂಪನಿಯಿಂದ ತಪಾಸಣೆಗೆ ಬಂದವರು ಒಬ್ಬ ಮೇಡಂ. ವೈಟ್‌ಫೀಲ್ಡ್‌ನಲ್ಲಿ ಅವರ ಕಚೇರಿ. ಅಲ್ಲಿಂದ ಪೀಣ್ಯಕ್ಕೆ ಬರುವಷ್ಟರಲ್ಲಿ ಮನುಷ್ಯರಿಗೆ ಬರಬೇಕಾದ ಕೋಪವೆಲ್ಲ ಬಂದು ಹೋಗಿರುತ್ತದೆ. ಆದ್ದರಿಂದ ತುಂಬ ಶಾಂತವಾಗಿದ್ದರು. ಒಂದು ಹಾರ್ನನ್ನು ಬಿಚ್ಚಿಸಿ, ಬಿಡಿಭಾಗಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿದರು.

"ಈ ತಗಡು ಎಲ್ಲಿಯದು?"

"ಕೊರಿಯಾ ಮೇಡಂ. ಚೆನ್ನೈ ಬಂದರಿಗೆ ಬರುತ್ತೆ," ಎಂದೆ.

"ತಾಮ್ರದ ತಂತಿ?"

"ತಂತಿ ನಮ್ಮ ದೇಶದಲ್ಲೇ ಎಳೆದದ್ದು. ತಾಮ್ರ ಆಫ್ರಿಕಾದ್ದು."

"ಕರೆಂಟು ಮುಟ್ಟಿಸೋ ಈ ಪಾಯಿಂಟು?"

"ಚೀನಾ," ಎಂದರು ಯಜಮಾನರು, ಮನೆಯಲ್ಲಿರುವ ಕಾಯಿಲೆಯ ಹೆಸರು ಹೇಳುವ ದನಿಯಲ್ಲಿ.

"ಪ್ರೆಸ್ಸು?"

"ತೈವಾನ್."

"ಡ್ರಾಯಿಂಗು?"

"ಅದು ನಿಮ್ಮ ಹೆಡ್ಡಾಫೀಸಿನದೇ ಮೇಡಂ."

ಮೇಡಂ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಸಾರ್, ಇದರಲ್ಲಿ ನಿಮ್ಮದು ಅಂತ ಏನಿದೆ?"

ಯಜಮಾನರು ಸುತ್ತ ನೋಡಿದರು. ಶೆಡ್ಡು ಎನ್ನಲು ಬಾಯಿ ತೆರೆದವರು, ಅದು ಬಾಡಿಗೆಯದೆಂದು ನೆನಪಾಗಿ ಮುಚ್ಚಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಪ್ರೆಸ್ಸು ನಿಂತಿತು, ಫ್ಯಾನು ನಿಂತಿತು. ಎಲ್ಲರೂ ಇದ್ದಲ್ಲೇ ನಿಂತರು.

ಯಜಮಾನರು ಗಂಭೀರವಾಗಿ ಹೇಳಿದರು: "ಇದು ಮೇಡಂ. ಇದು ಪೂರ್ತಿ ಇಲ್ಲೀದು."

ಜಿಗಣಿಯ ಉಕ್ಕು

ಸ್ವದೇಶಿ ಪಾಲು ಸಾಲದು, ಹೆಚ್ಚಿಸಿಕೊಳ್ಳಿ, ಮತ್ತೆ ಬರುತ್ತೇನೆ ಎಂದು ಹೇಳಿ ಮೇಡಂ ಹೋದರು. ಹೆಚ್ಚಿಸುವ ಕೆಲಸ ಖರೀದಿ ವಿಭಾಗದ್ದು, ಅಂದರೆ ನನ್ನದು. ಜಿಗಣಿಯಲ್ಲಿ ಒಬ್ಬ ತಗಡಿನ ವ್ಯಾಪಾರಿ ಇದ್ದಾನೆ, ಅಪ್ಪಟ ಲೋಕಲ್ ಮಾಲು ಕೊಡುತ್ತಾನೆ ಎಂದು ಯಾರೋ ಹೇಳಿದರು. ಫೋನಿನಲ್ಲಿ ಕೇಳಿದಾಗ ವ್ಯಾಪಾರಿ ದೇವರ ಮೇಲೆ ಆಣೆ ಇಟ್ಟ. ಆಗಲೇ ನನಗೆ ಅನುಮಾನ ಬರಬೇಕಿತ್ತು. ತಗಡಿನ ವಿಷಯದಲ್ಲಿ ದೇವರನ್ನು ಕರೆಯುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ತಗಡಿನ ಸುರುಳಿ ಬಂದಿಳಿಯಿತು. ಸುತ್ತಿದ್ದ ಪ್ಲಾಸ್ಟಿಕ್ ಬಿಚ್ಚಿದರೆ ಒಳಗೆ ಅಂಗೈಯಗಲದ ಚೀಟಿ. ಅದರ ತುಂಬ ಕೊರಿಯಾದ ಅಕ್ಷರ. ನಾನು ಫೋನ್ ಮಾಡಿದೆ.

"ಏನ್ರೀ ಇದು? ಲೋಕಲ್ ಅಂದ್ರಲ್ಲ?"

"ಲೋಕಲ್ಲೇ ಸಾರ್. ನಮ್ ಯಾರ್ಡಿಗೆ ಬಂದು ಎಷ್ಟೋ ವರ್ಷ ಆಯ್ತು."

"ಬಂದಿದ್ದು ಎಲ್ಲಿಂದ?"

"ಸಾರ್, ಬೆಂಗಳೂರಲ್ಲಿ ಯಾರನ್ನಾದ್ರೂ ಹಂಗೆ ಕೇಳ್ತಾರಾ?"

ನನ್ನ ತಾತನೂ ಬೇರೆ ಜಿಲ್ಲೆಯಿಂದ ಬಂದವನೇ. ಆದರೂ ಬಿಡದೆ, ತಗಡಿನ ಅಂಚೆಲ್ಲ ತುಕ್ಕು ಹಿಡಿದಿದೆಯಲ್ಲ, ಅದನ್ನಾದರೂ ಒಪ್ಪಿಕೊಳ್ಳಿ ಎಂದೆ.

"ಒಪ್ಕೊಂಡೆ ಸಾರ್," ಎಂದ ವ್ಯಾಪಾರಿ. "ತುಕ್ಕು ಮಾತ್ರ ಹಂಡ್ರೆಡ್ ಪರ್ಸೆಂಟ್ ಜಿಗಣೀದು. ಬೇಕಾದ್ರೆ ಅಷ್ಟಕ್ಕೆ ಸರ್ಟಿಫಿಕೇಟ್ ಕೊಡ್ತೀನಿ."

ವರ್ತೂರಿನ ನೆಲಮಾಳಿಗೆ

ಆ ಭಾನುವಾರ ವರ್ತೂರಿನಲ್ಲಿರುವ ತಂಗಿಯ ಮನೆಗೆ ಊಟಕ್ಕೆ ಹೋಗಿದ್ದೆ. ನಾತಕ್ಕೆ ಕೆರೆಯ ಕಡೆಯ ಕಿಟಕಿಗಳನ್ನು ಮುಚ್ಚಿಟ್ಟುಕೊಂಡು, ಕೆರೆ ಕಾಣುತ್ತದೆಂದು ಹೆಚ್ಚು ಬೆಲೆ ಕೊಟ್ಟವರ ಅಪಾರ್ಟ್‌ಮೆಂಟ್ ಅದು. ನನ್ನ ತಲೆಯಲ್ಲಿ ಹಾರ್ನೇ ಇತ್ತು. ಕೆಳಗಿನ ಪಾರ್ಕಿಂಗಿನಲ್ಲಿ ಭಾವಮೈದುನ ಮತ್ತು ಎದುರು ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ ಸಿಕ್ಕಾಗ, ಸ್ವದೇಶಿ ಕಾರು ಎಂದರೆ ಯಾವುದು ಎಂದು ಕೇಳಿಬಿಟ್ಟೆ.

ಅಧಿಕಾರಿ ತಮ್ಮ ಕಾರಿನ ಬಾನೆಟ್ ತಟ್ಟಿದರು. "ಇದು. ಕಂಪನಿ ನಮ್ಮ ದೇಶದ್ದು. ಲಾಭ ದೇಶದಲ್ಲೇ ಉಳಿಯುತ್ತೆ."

"ಇಂಜಿನ್ ಎಲ್ಲಿಂದ ಬಂತು ಕೇಳಿ," ಎಂದ ಭಾವಮೈದುನ. "ನನ್ ಕಾರ್ ಹೆಸರು ಫಾರಿನ್ನು, ಆದ್ರೆ ನಟ್ಟು ಬೋಲ್ಟೂ ಇಲ್ಲೇ ಮಾಡಿದ್ದು. ಕೂಲಿ ಸಿಕ್ಕಿದ್ದು ನಮ್ಮವರಿಗೆ."

"ಲಾಭ ಹೊರಗೆ ಹೋಯ್ತಲ್ಲಪ್ಪಾ!"

"ನಿಮ್ಮದರಲ್ಲಿ ಕಾರ್ ಬರೋಕ್ ಮುಂಚೆ ಇಂಜಿನ್ ದುಡ್ಡೇ ಹೊರಗೆ ಹೋಯ್ತಲ್ಲ ಅಂಕಲ್!"

ದನಿ ಏರಿತು. ಅಧಿಕಾರಿ ಇಡೀ ಸೇವಾವಧಿಯಲ್ಲಿ ಯಾರ ಸಾಲದ ಅರ್ಜಿಗೂ ಬಳಸದಿದ್ದ ಮಾತುಗಳನ್ನು ಬಳಸಿದರು. ಭಾವಮೈದುನ ಬಾನೆಟ್ ಎತ್ತಿದ. ಅವರೂ ಎತ್ತಿದರು. ಇಬ್ಬರೂ ಟಾರ್ಚ್ ಹಿಡಿದು ಪರರ ಇಂಜಿನ್ನಿನಲ್ಲಿ ಪರದೇಶದ ಗುರುತು ಹುಡುಕತೊಡಗಿದರು. ಇಬ್ಬರಿಗೂ ಸಾಕಷ್ಟು ಸಿಕ್ಕಿತು.

ಗಲಾಟೆ ಕೇಳಿ ಅಸ್ಸಾಮಿನಿಂದ ಬಂದ ಸೆಕ್ಯೂರಿಟಿಯವನು ಓಡಿಬಂದ. ಭಾವಮೈದುನ ತೀರ್ಪು ಕೇಳಿದ: "ನೀನೇ ಹೇಳು ಗುರು, ಇವೆರಡರಲ್ಲಿ ಯಾವುದು ನಮ್ಮದು?"

ಅವನು ಎರಡು ಕಾರನ್ನೂ, ಗೋಡೆಯ ಮೇಲಿನ ಬೋರ್ಡನ್ನೂ ನೋಡಿದ. "ಎರಡೂ ವಿಸಿಟರ್ ಜಾಗದಲ್ಲಿ ಇದೆ ಸಾರ್. ಎರಡೂ ಹೊರಗೆ ಹಾಕಿ."

ಮೃದು ದನಿ

ಈ ನಡುವೆ ಕಂಪನಿಯ ಹೊರದೇಶದ ವಿನ್ಯಾಸ ವಿಭಾಗದಿಂದ ಇನ್ನೊಂದು ಸೂಚನೆ ಬಂತು. ನಮ್ಮ ಹಾರ್ನಿನ ಧ್ವನಿಮುದ್ರಣ ಕೇಳಿ ಅಲ್ಲಿಯವರಿಗೆ ನೋವಾಗಿತ್ತಂತೆ. ಸ್ವದೇಶಿ ಕಾರಿನ ಹಾರ್ನು ವಿನಯದಿಂದ ಕೂಡಿರಬೇಕು, ಕೇಳಿದವರಿಗೆ ಭರವಸೆ ಮೂಡಬೇಕು ಎಂದು ಬರೆದಿದ್ದರು. ಆರ್ಡರ್ ಬೇಕಾದವರಿಗೆ ವಿನಯ ಕಷ್ಟವಲ್ಲ. ಯಜಮಾನರು ಒಳಗೆ ಅದುರಿ ಸದ್ದು ಮಾಡುವ ಡಯಾಫ್ರಮ್ ತಗಡನ್ನು ತೆಳ್ಳಗೆ ಮಾಡಿಸಿ, ಅಳತೆ ತಿದ್ದಿಸಿ, ವಿನಯವುಳ್ಳ ಹಾರ್ನೊಂದನ್ನು ಮಾಡಿಸಿದರು. ಅದನ್ನು ತಮ್ಮದೇ ಕಾರಿಗೆ ಹಾಕಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಮಕೂರು ರಸ್ತೆಗೆ ಹೊರಟರು.

ಜಾಲಹಳ್ಳಿ ಕ್ರಾಸ್ ಹತ್ತಿರ ಒಂದು ಆಟೋ ನಮ್ಮ ಮುಂದೆ ಅಡ್ಡವಾಗಿ ನಿಂತಿತ್ತು. ಯಜಮಾನರು ಹಾರ್ನ್ ಒತ್ತಿದರು. ಆಟೋ ಅಲುಗಲಿಲ್ಲ. ಮತ್ತೆ ಒತ್ತಿದರು. ಪಕ್ಕದಲ್ಲಿ ಎಳನೀರು ಮಾರುತ್ತಿದ್ದವನು ತನ್ನ ಮೊಬೈಲ್ ತೆಗೆದು ನೋಡಿ ಮತ್ತೆ ಜೇಬಿಗಿಟ್ಟುಕೊಂಡ. ನಮ್ಮ ಹಿಂದೆ ನಿಂತ ಲಾರಿಯವನು, ಯಾವ ವಿನ್ಯಾಸ ವಿಭಾಗವೂ ತಿದ್ದದ ತನ್ನ ಹಾರ್ನನ್ನು ನಮ್ಮ ಬೆನ್ನಿಗೆ ಬಾರಿಸಿದ.

ಕೊನೆಗೆ ಯಜಮಾನರು ಒತ್ತಿದ ಕೈ ತೆಗೆಯಲೇ ಇಲ್ಲ. ಆಟೋದವನು ಇಳಿದು, ನಿಧಾನವಾಗಿ ನಮ್ಮ ಕಿಟಕಿಗೆ ಬಂದು, ಕಾಳಜಿಯಿಂದ ಬಗ್ಗಿ ಕೇಳಿದ:

"ಯಾಕಣ್ಣ, ಸಾರಿ ಕೇಳ್ತಾ ಇದ್ದೀರಾ? ಪರ್ವಾಗಿಲ್ಲ ಬಿಡಿ, ನೀವೇನ್ ಮಾಡಿದ್ರಿ ಪಾಪ."

ಕೊನೆಯ ಪ್ರಕ್ರಿಯೆ

ಮೇಡಂ ಎರಡನೆಯ ಸಲ ಬಂದರು. ಇದು ಕೊನೆಯ ತಪಾಸಣೆ. ಇದರಲ್ಲಿ ಬಿದ್ದರೆ ಆರ್ಡರ್ ಇಲ್ಲ. ಅವರು ನಿಯಮವನ್ನು ವಿವರಿಸಿದರು. ಒಂದು ಹಾರ್ನಿಗೆ ಆಗುವ ಒಟ್ಟು ಖರ್ಚಿನಲ್ಲಿ ಈ ದೇಶದ ವಸ್ತುವಿಗೆ, ಕೆಲಸಕ್ಕೆ ಆಗುವ ಪಾಲು ಎಷ್ಟು ಹೆಚ್ಚೋ, ಹಾರ್ನ್ ಅಷ್ಟು ಸ್ವದೇಶಿ. ಆ ಪಾಲು ಕಂಪನಿ ಎಳೆದ ಗೆರೆಯನ್ನು ದಾಟಬೇಕು.

ಯಜಮಾನರ ಮುಖ ಬಿಳಿಚಿಕೊಂಡಿತು. "ಅಂದ್ರ ಇಷ್ಟು ವರ್ಷ ನಾನು ಇಲ್ಲಿ ಖರ್ಚು ಉಳಿಸಿದ್ದೆಲ್ಲ ದೇಶದ್ರೋಹ ಆತಲ್ರೀ?"

ಮೇಡಂ ಅಲ್ಲವೆನ್ನಲಿಲ್ಲ. ಆ ಕ್ಷಣದಿಂದ ಖರ್ಚೇ ನಮ್ಮ ಹೆಮ್ಮೆಯಾಯಿತು. ತಂತಿ ಸುತ್ತುವುದು ನಿಧಾನವೆಂದು ಯಜಮಾನರು ಎದೆಯುಬ್ಬಿಸಿ ತೋರಿಸಿದರು. ಒಮ್ಮೆ ಪರೀಕ್ಷಿಸಿದ್ದನ್ನೇ ಮತ್ತೊಮ್ಮೆ ಪರೀಕ್ಷಿಸುತ್ತೇವೆ ಎಂದರು. ಜನರೇಟರಿನ ಹತ್ತಿರವೂ ಕರೆದೊಯ್ದರು. ಡೀಸೆಲ್ ಹೊರದೇಶದ್ದು ಎಂದು ಮೇಡಂ ಹೇಳಿದ ಮೇಲೆ ಅದನ್ನು ಆರಿಸಿಬಿಟ್ಟರು. ಎಲ್ಲ ಕೂಡಿಸಿದರೂ ಒಂದು ಎಳೆ ಕಡಿಮೆಯೇ ಬಂತು. ಮೇಡಮ್ಮಿಗೂ ಬೇಜಾರಾಯಿತು. ಬ್ಯಾಗ್ ಎತ್ತಿಕೊಂಡು ಹೊರಗೆ ಬಂದರು.

ಹೊರಗೆ ನಮ್ಮ ಫೋರ್‌ಮನ್ ಟೆಂಪೋ ಕಳಿಸುತ್ತಿದ್ದರು. ಅವರು ಆನೇಕಲ್ ಕಡೆಯವರು. ಹಾರ್ನಿನ ಪೆಟ್ಟಿಗೆಗಳಿಗೆ ನಿಂಬೆಹಣ್ಣು ನಿವಾಳಿಸಿ, ಎರಡು ಹೋಳು ಮಾಡಿ, ಕುಂಕುಮ ಹಚ್ಚಿ ಆಚೀಚೆ ಎಸೆದು, ಕರ್ಪೂರ ಹಚ್ಚಿ, ಚಕ್ರಕ್ಕೊಂದು ನಿಂಬೆ ಇಟ್ಟರು. ಮೇಡಂ ನಿಂತರು.

"ಇದು ದಿನಾ ಮಾಡ್ತೀರಾ?"

"ಲೋಡಿಗೊಂದ್ಸಲ ಮೇಡಂ. ದೃಷ್ಟಿ ತೆಗೀದೆ ನಮ್ ಮಾಲು ಗೇಟ್ ದಾಟಲ್ಲ."

"ಮಾಡದಿದ್ರೆ ಏನಾಗುತ್ತೆ?"

"ವಾಪಸ್ ಬತ್ತದೆ. ಓದ್ ವರ್ಸ ಒಂದ್ ಲೋಡ್ ಅಂಗೇ ಕಳುಸ್ದೋ. ಅಂಗೇ ವಾಪಸ್ ಬಂತು."

ಆ ಲೋಡು ವಾಪಸಾದದ್ದು ಸ್ಕ್ರೂ ಸಡಿಲವಿದ್ದುದರಿಂದ. ಈ ಮಾಹಿತಿಯನ್ನು ಯಾರೂ ಕೇಳಲಿಲ್ಲವಾಗಿ ಯಾರೂ ಕೊಡಲಿಲ್ಲ.

ಮೇಡಂ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಟೆಂಪೋದ ಮೇಲೆಯೇ ಇಟ್ಟರು. "ಅಂದ್ರೆ ಇದು ರಿಜೆಕ್ಷನ್ ಕಡಿಮೆ ಮಾಡೋ ಪ್ರಕ್ರಿಯೆ. ಖರ್ಚಲ್ಲಿ ಯಾಕೆ ತೋರಿಸಿಲ್ಲ?" ನಿಂಬೆ, ಕುಂಕುಮ, ಫೋರ್‌ಮನ್ನರ ಸಮಯ, ಕಾಯುವ ಟೆಂಪೋದ ಬಾಡಿಗೆ, ಎಲ್ಲವೂ ಈ ಮಣ್ಣಿನದೇ. ಬರೆದು ಕೂಡಿಸಿದರು. ಹಾರ್ನ್ ಗೆರೆ ದಾಟಿ ಸ್ವದೇಶಿಯಾಯಿತು. ಯಜಮಾನರು ಟೆಂಪೋದ ಚಕ್ರಕ್ಕೆ ಕೈಮುಗಿದರು.

ಆರ್ಡರ್ ಬಂತು. ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಕಂಪನಿಯ ಜಾಗತಿಕ ಖರೀದಿ ವಿಭಾಗದಿಂದ ನನಗೆ ಮೇಲ್ ಬಂತು: ನಿಮ್ಮ ಹಾರ್ನಿನ ಖರ್ಚಿನಲ್ಲಿ ನಿಂಬೆಹಣ್ಣಿನ ಬೆಲೆ ಬೇಸಿಗೆಯಲ್ಲಿ ಏರುತ್ತಿದೆ. ಬೇರೆ ದೇಶದಲ್ಲಿ ಅಗ್ಗಕ್ಕೆ, ಬೀಜವಿಲ್ಲದ, ಒಂದೇ ಅಳತೆಯ ನಿಂಬೆ ದೊರೆಯುತ್ತದೆ. ಮಾದರಿ ಕಳುಹಿಸಿದ್ದೇವೆ, ಒಪ್ಪಿಗೆ ತಿಳಿಸಿ.

ಪೆಟ್ಟಿಗೆಯೂ ಬಂತು. ಒಂದೊಂದು ನಿಂಬೆಗೂ ಪ್ರತ್ಯೇಕ ಕಾಗದ ಸುತ್ತಿತ್ತು. ಯಜಮಾನರು ಕುರ್ಚಿಯಲ್ಲಿ ಕುಸಿದರು. ನಿಂಬೆ ಹೊರಗಿನದಾದರೆ ಹಾರ್ನ್ ಗೆರೆಯ ಕೆಳಗೆ ಬೀಳುತ್ತದೆ, ಹಾರ್ನ್ ಬಿದ್ದರೆ ಆರ್ಡರ್ ಹೋಗುತ್ತದೆ. ಸುಮ್ಮನೆ ಬೇಡವೆನ್ನುವಂತೆಯೂ ಇಲ್ಲ, ಕಾರಣ ಕೊಡಬೇಕು. ಫೋರ್‌ಮನ್ನರನ್ನು ಕರೆಸಿದರು. ಅವರು ಒಂದು ನಿಂಬೆಯನ್ನು ಹಿಸುಕಿ, ಮೂಸಿ, ಬೆಳಕಿಗೆ ಹಿಡಿದು ನೋಡಿದರು.

"ಅಣ್ಣೇನೋ ಚೆನ್ನಾಗೈತೆ ಸಾ. ಆದ್ರೆ ಇದು ನಮ್ ಕಡೆ ದೃಷ್ಟಿ ತಡೀತದೋ ಇಲ್ವೋ ಯಾರು ಕಂಡವ್ರೆ?"

ನಾನು ಅದನ್ನು ಕಚೇರಿಯ ಭಾಷೆಗೆ ತಿರುಗಿಸಿ ಕಳಿಸಿದೆ: ಸದರಿ ಮಾದರಿಯನ್ನು ಸ್ಥಳೀಯ ದೃಷ್ಟಿಯ ವಿರುದ್ಧ ಪರೀಕ್ಷಿಸಿದ ದಾಖಲೆ ಇಲ್ಲದ ಕಾರಣ ಒಪ್ಪಿಗೆ ನೀಡಲಾಗುತ್ತಿಲ್ಲ.

ಉತ್ತರ ಬೇಗನೆ ಬಂತು. ನಿಮ್ಮ ಆಕ್ಷೇಪ ಸಮಂಜಸವಾಗಿದೆ. ಪರೀಕ್ಷೆಯನ್ನು ನಮ್ಮ ಪ್ರಯೋಗಾಲಯದಲ್ಲೇ ನಡೆಸುತ್ತೇವೆ. ದಯವಿಟ್ಟು ಸ್ಥಳೀಯ ದೃಷ್ಟಿಯ ಮಾದರಿಯೊಂದನ್ನು ಕೊರಿಯರ್ ಮಾಡಿ. ಅದು ತಲುಪುವವರೆಗೆ ಈಗಿನ ನಿಂಬೆಯನ್ನೇ ಮುಂದುವರಿಸಬಹುದು.

ನಾನು ಗಟ್ಟಿಯಾಗಿ ಓದಿ ಮುಗಿಸಿದೆ. ಯಜಮಾನರು ಕಿಟಕಿಯ ಆಚೆ ನೋಡಿದರು. ತಂತಿ ಸುತ್ತುವ ಹೆಂಗಸರು ಬುತ್ತಿ ಮುಗಿಸಿ ಕೈತೊಳೆದು ಮೇಜಿಗೆ ಮರಳುತ್ತಿದ್ದರು. ಬಹಳ ದಿನಗಳ ನಂತರ ಯಜಮಾನರ ಉಸಿರು ಸರಾಗವಾಗಿತ್ತು.

"ಕಳಿಸೋಣ," ಎಂದರು. "ಅವಸರ ಮಾಡಬ್ಯಾಡ್ರಿ. ಮೊದ್ಲು ಅದಕ್ಕ ಪ್ಯಾಕಿಂಗ್ ಯಾರು ಮಾಡ್ತಾರೆ, ಕೊಟೇಶನ್ ತರಿಸ್ರಿ."