ಅತ್ತೆಯ ಪೊರಕೆ, ಬಿಳಿಕೆರೆಯ ತಿರುವು

ಮೈಸೂರು–ಹುಣಸೂರು ರಸ್ತೆ ಮಹಾರಾಜರದೆಂದು ನೀವು ತಿಳಿದಿದ್ದರೆ ಅದು ಪೂರ್ತಿ ನಿಜವಲ್ಲ. ಬಿಳಿಕೆರೆಯ ತಿರುವಿನಷ್ಟು ಭಾಗ ನಮ್ಮ ಸೋದರತ್ತೆಯದು! ಬೆಳಗಾದರೆ ಅಂಗಳ ಗುಡಿಸುವ ಹೆಂಗಸರು ಎಲ್ಲ ಊರಲ್ಲೂ ಇದ್ದಾರೆ. ಸರ್ಕಾರಿ ರಸ್ತೆ ಗುಡಿಸುವವಳನ್ನು ಎಲ್ಲಾದರೂ ಕಂಡಿದ್ದೀರಾ?

ಕಾರಣ, ಹುರುಳಿ. ಕೊಯ್ಲಾದ ಮೇಲೆ ನಮ್ಮವರು ಹುರುಳಿ ಗಿಡವನ್ನು ತಂದು ರಸ್ತೆಗೆ ಹಾಸುತ್ತಾರೆ. ಗಾಡಿ, ಬಸ್ಸು ಹಾಯ್ದರೆ ಕಾಳು ತಾನೇ ಉದುರುತ್ತದೆ. ಎತ್ತು ಬೇಡ, ಕಣ ಬೇಡ. ಇಂಥ ಪುಕ್ಕಟೆ ಒಕ್ಕಣೆಯನ್ನು ಒಬ್ಬಳು ಪೊರಕೆಯಿಂದ ಅಂಚಿಗೆ ನೂಕಿದರೆ ಊರು ಸುಮ್ಮನಿದ್ದೀತೇ?

"ಅನ್ನದ ಮೇಲೆ ಪೊರಕೆ ಆಡುಸ್ತೀಯಲ್ಲಕ್ಕ, ನಿಂಗೆ ತಲೆ ನೆಟ್ಟಗದಾ?" ಎಂದ ಎದುರುಮನೆಯವನು.

"ಅನ್ನ ಮನೇಲಿರ್ಬೇಕು ಕಣ್ಲಾ. ನೀನು ಬೀದೀಲಿ ಕೂತ್ಕಂಡು ಉಣ್ತೀಯಾ?"

ಇದ್ದಿಲು ಉರಿಸಿ ಓಡುವ ಬಸ್ಸಿಗೂ ರಿಯಾಯಿತಿ ಇರಲಿಲ್ಲ. ಹಿಂದಿನ ಏಣಿಗೆ ಹುಡುಗರು ಜೋತುಬಿದ್ದಿದ್ದರೆ ಅತ್ತೆ ರಸ್ತೆಯ ನಡುವೆ ಸುಂಕದ ಕಟ್ಟೆಯ ಅಡ್ಡಗಂಬದ ಹಾಗೆ ನಿಂತುಬಿಡುವಳು!

"ದಾರಿ ಬುಡವ್ವ, ಒತ್ತಾಯ್ತದೆ!" ಎಂದು ಡ್ರೈವರ್ ಕೂಗುವನು.

"ಏಣಿ ಮೇಲಿರೋ ಕೋತಿಗಳು ಇಳೀಲಿ, ಬುಡ್ತೀನಿ."

ಕೋತಿಗಳೆಲ್ಲ ಇಳಿದು ಒಳಗೆ ಕೂರುವವರೆಗೆ ಬಸ್ಸು ಕೆಮ್ಮುತ್ತ ನಿಂತಿರುತ್ತಿತ್ತು.

ಕೊನೆಗೆ ದೂರು ಅಮಲ್ದಾರರಿಗೆ ಹೋಯಿತು. ಅವರು ಬಂದು ಅತ್ತೆಯನ್ನು ಕರೆಸಿದರು.

"ಸರ್ಕಾರಿ ರಸ್ತೆ ಗುಡಿಸಲು ನಿನಗೆ ಅಪ್ಪಣೆ ಕೊಟ್ಟವರು ಯಾರಮ್ಮ?"

"ಅದ್ರ ಮೇಲೆ ಒಕ್ಕಣೆ ಮಾಡಕ್ಕೆ ಇವ್ರಿಗೆ ಕೊಟ್ಟೋರ್ಯಾರು, ಬುದ್ದಿ?"

ಅಮಲ್ದಾರರು ಮೀಸೆ ಸವರಿಕೊಂಡು, ಪಟೇಲರ ಮನೆಯಲ್ಲಿ ಕಾಫಿ ಆರುತ್ತಿದೆಯೆಂದು ಎದ್ದುಹೋದರು.

ನೀವು ನಗಬಹುದು, ನಾನೂ ನಗುತ್ತೇನೆ. ಆದರೆ ಹಿಂದಿನ ವರ್ಷ ಅದೇ ತಿರುವಿನಲ್ಲಿ ಅತ್ತೆಯ ಮಗನ ಸೈಕಲ್ಲಿನ ಹಿಂದೆ ಕೂತಿದ್ದವನು ನಾನು. ಕಂಡಷ್ಟನ್ನೇ ಹೇಳುತ್ತೇನೆ. ಅವನು ಜೋರಾಗಿ ಹೋಗುತ್ತಿರಲಿಲ್ಲ. ಮುಂದಿನ ಚಕ್ರ ಹುರುಳಿಕಾಳಿನ ಮೇಲೆ ಜಾರಿತು. ಸದ್ದೇ ಆಗಲಿಲ್ಲ. ನಾನು ಹುಲ್ಲಿನ ಕಡೆಗೆ ಬಿದ್ದೆ, ಅವನು ಎದುರಿನಿಂದ ಬರುತ್ತಿದ್ದ ಎತ್ತಿನ ಗಾಡಿಯ ಕಡೆಗೆ ಬಿದ್ದ. ಗಾಡಿಯ ಚಕ್ರ ಅವನ ಎಡಗಾಲಿನ ಮೇಲೆ ಹಾಯಿತು. ಮೂಳೆ ಕೂಡಿತು, ಕಾಲು ಗಿಡ್ಡವಾಯಿತು.

"ವಯಸ್ಸಿನ್ ಹುಡುಗ್ರು, ಬೀಳ್ತವೆ. ಸೈಕಲ್ ಮಾರ್ಬುಡವ್ವ" ಎಂದು ಪಟೇಲರು ಬುದ್ಧಿ ಹೇಳಿದ್ದರು.

"ಸೈಕಲ್ ಏನ್ ತಪ್ ಮಾಡ್ತು? ವಯಸ್ಸಿಗ್ ಬಂದ ಮಗ ಕಣಜದಲ್ಲಿ ಕೂತ್ಕತಾನಾ? ಕಾಳು ಹಾಸಿದೋರು ನೀವು, ನೀವು ತಗೀರಿ. ನನ್ ಕಣ ಖಾಲಿ ಅದೆ, ಅಲ್ಲಿ ಬಡ್ಕಳಿ!"

ಯಾರೂ ಅವಳ ಕಣಕ್ಕೆ ಹೋಗಲಿಲ್ಲ. ಅಂದಿನಿಂದಲೇ ಅತ್ತೆ ಪೊರಕೆ ಹಿಡಿದದ್ದು.

ಈ ವರ್ಷ ಮಗನಿಗೆ ಹುಣಸೂರಿನ ಹೊಗೆಸೊಪ್ಪಿನ ಮಂಡಿಯಲ್ಲಿ ಕೆಲಸ ಸಿಕ್ಕಿತು. ಹೋಗಿಬರಲು ಸೈಕಲ್ಲೇ ಗತಿ. ಮೊದಲ ದಿನ ಅವನು ಹ್ಯಾಂಡಲ್ ಹಿಡಿದು ಬಾಗಿಲಲ್ಲಿ ನನ್ನ ಪಕ್ಕ ನಿಂತವನು ನಿಂತೇ ಇದ್ದ. ಕಣ್ಣು ತಿರುವಿನ ಮೇಲೆ. ರಾತ್ರಿ ಯಾರೋ ಮತ್ತೆ ಹುರುಳಿ ಹಾಸಿದ್ದರು.

ಅತ್ತೆ ಬೈಯಲಿಲ್ಲ. ಆ ತುದಿಯವರೆಗೆ ಗುಡಿಸುತ್ತ ಹೋದಳು. ಆಮೇಲೆ ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಗುಡಿಸಿದ ಜಾಗವನ್ನು ಬರಿಗಾಲಿನಿಂದ ತಡವುತ್ತ, ಒಂದೊಂದೇ ಹೆಜ್ಜೆ ಇಡುತ್ತ ಹಿಂದಕ್ಕೆ ಬಂದಳು. ಕುರುಡಿ ದಾರಿ ಹುಡುಕಿದಂತೆ. ನಮ್ಮ ಮುಂದೆ ಬಂದಾಗ ಅಂಗಾಲಿಗೆ ಕಚ್ಚಿಕೊಂಡಿದ್ದ ಒಂದು ಕಾಳನ್ನು ಕೆರೆದು ತೆಗೆದಳು.

"ಓಗು ಮಗ," ಎಂದಳು. "ಎಲ್ಲ ತುಳ್ದು ನೋಡಿವ್ನಿ."