ಬುರುಜಿನ ಹೆಣ್ಣಿನ ಕೊನೆಯ ಪುಟ

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ, ಐವತ್ತು ದಾಟಿದ ಹೆಣ್ಣುಮಗಳೊಬ್ಬಳು ದೆವ್ವದ ಚಿತ್ರಕಥೆ ಪುಸ್ತಕ ಹುಡುಕಿಕೊಂಡು ಊರೂರು ತಿರುಗಿದರೆ ಏನೇನು ಆಗಬೇಕೋ ಅದೆಲ್ಲ ನನಗೆ ಆಗುತ್ತಲೇ ಇರುತ್ತದೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ ಎಂದು ನಾನು ಹೇಳುತ್ತೇನೆ. ನಮ್ಮ ಮನೆಯವರು ಒಪ್ಪುವುದಿಲ್ಲ.

ದೊಡ್ಡ ಕಂಪನಿಗಳು ಬಣ್ಣಬಣ್ಣದ ಕಾಗದದಲ್ಲಿ ತರುವ ಪುಸ್ತಕ ನನಗೆ ಬೇಡ. ಯಾರೋ ಒಬ್ಬ ತಾನೇ ಕಥೆ ಕಟ್ಟಿ, ತಾನೇ ಚಿತ್ರ ಬರೆದು, ಊರಿನ ಸಣ್ಣ ಪ್ರೆಸ್ಸಿನಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿ, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತೂಗುಹಾಕಿ, ಯಾರೂ ಕೊಳ್ಳದೆ ಮೂಲೆ ಸೇರಿದ ಪುಸ್ತಕಗಳಿರುತ್ತವಲ್ಲ, ಅವು ಬೇಕು. ಅಂಥವು ಈಗ ಒಂದು ಟ್ರಂಕಿನ ತುಂಬ ಇವೆ. ಎಲ್ಲಕ್ಕೂ ಮೊದಲನೆಯದು ‘ಬುರುಜಿನ ಹೆಣ್ಣು’. ಅದು ನನ್ನ ಅಣ್ಣನ ಬಳಿ ಇದ್ದ ಪುಸ್ತಕ.

ನಾವಾಗ ಭಾಲ್ಕಿಯಲ್ಲಿದ್ದೆವು. ಮಧ್ಯಾಹ್ನ ಹಿರಿಯರೆಲ್ಲ ಮಲಗಿದ ಮೇಲೆ ಅಣ್ಣ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ನನಗೆ ಅದನ್ನು ಓದಿ ಹೇಳುತ್ತಿದ್ದ. ಹಾಳು ಬುರುಜಿನಲ್ಲಿರುವ ಒಂದು ಹೆಣ್ಣು ದೆವ್ವ, ಊರಿನ ಪೋಸ್ಟಮನ್ನನ ಬೆನ್ನು ಹತ್ತುತ್ತದೆ. ಕಡೆಗೆ ಅವನ ಮನೆಗೇ ಬಂದು ಬಾಗಿಲು ಬಡಿಯುತ್ತದೆ. ಅವನು ಬಾಗಿಲು ತೆಗೆಯುತ್ತಾನೆ, ಅದು ಬಾಯಿ ತೆಗೆಯುತ್ತದೆ. ಅಷ್ಟಕ್ಕೇ ನಮ್ಮ ಪುಸ್ತಕ ಮುಗಿಯುತ್ತಿತ್ತು. ಕೊನೆಯ ಪುಟ ಬಿದ್ದುಹೋಗಿತ್ತು.

‘ಪುಟ ಬೀಳೂಕಿಂತ ಮೊದ್ಲ ನಾ ಓದೀನಿ’ ಎನ್ನುತ್ತಿದ್ದ ಅಣ್ಣ. ದೆವ್ವ ಏನಂದಿತು ಹೇಳೆಂದು ಕಾಡಿದರೆ ದಿನಕ್ಕೊಂದು ಹೇಳುತ್ತಿದ್ದ. ಒಂದು ದಿನ ‘ನಿನ್ನ ರಕ್ತ ಬೇಕು’ ಅಂದಿತು. ಮರುದಿನ ‘ನಂದೊಂದು ಕಾಗದ ಬರೋದಿತ್ತು, ಬಂದದೇನು?’ ಅಂದಿತು. ನಿನ್ನೆ ಬೇರೆ ಹೇಳಿದ್ದೆಯಲ್ಲ ಎಂದರೆ, ನಿನ್ನೆ ನೀನು ಸಣ್ಣಾಕಿ ಇದ್ದಿ ಅನ್ನುವನು.

ಅಣ್ಣ ತೀರಿಹೋಗಿ ಮೂರು ವರ್ಷವಾಯಿತು. ಅವನು ಹೇಳಿದ್ದರಲ್ಲಿ ಯಾವುದು ಖರೇ, ಅವನು ಆ ಪುಟವನ್ನು ನಿಜವಾಗಿ ಓದಿದ್ದನೋ ಇಲ್ಲವೋ ಎನ್ನುವುದು ನನಗೆ ಗೊತ್ತಾಗಬೇಕು. ಇಷ್ಟು ಸಣ್ಣ ವಿಷಯಕ್ಕೆ ಜೀವ ಇಷ್ಟು ಬಡಿದುಕೊಳ್ಳುತ್ತದೆ ಎಂದು ನನಗೂ ತಿಳಿದಿರಲಿಲ್ಲ. ಟ್ರಂಕಿನಲ್ಲಿರುವ ಉಳಿದ ಪುಸ್ತಕಗಳೆಲ್ಲ ಆ ಒಂದು ಪುಟ ಹುಡುಕುವಾಗ ಸಿಕ್ಕವು.

ರದ್ದಿ ಅಂಗಡಿ

ಮೊದಲು ಹೋದದ್ದು ಬೀದರದ ಗಾಂಧಿ ಗಂಜಿನ ಹಿಂದಿನ ಓಣಿಯ ಒಂದು ರದ್ದಿ ಅಂಗಡಿಗೆ. ಅಂಗಡಿಯ ಚಾಚಾ ಹಳೆಯ ಪೇಪರಿನ ಗುಡ್ಡದ ನಡುವೆ ಕೂತಿದ್ದರು.

‘ಅಂಜಿಕಿ ಬರುವಂಥ ಹಳೇ ಪುಸ್ತಕ ಬಂದ್ರ ತೆಗೆದಿಡ್ರಿ’ ಎಂದೆ.

‘ಮಕ್ಕಳಿಗೇನ್ರಿ ಮೇಡಂ?’

‘ಇಲ್ರಿ, ನನಗ.’

ಚಾಚಾ ಕನ್ನಡಕ ಮೇಲೆ ಮಾಡಿ ನನ್ನನ್ನು ನೋಡಿದರು. ನಂಬರು ಬರೆದುಕೊಂಡರು. ತಿಂಗಳಾದ ಮೇಲೆ ಫೋನು ಬಂತು. ‘ಬರ್ರಿ ಮೇಡಂ, ಪುಸ್ತಕದ ಒಂದು ಗಂಟೇ ಸಿಕ್ಕದ. ಬ್ಯಾರೆ ಯಾರಿಗೂ ಕೊಟ್ಟಿಲ್ಲ.’ ಸಾಲಿ ಬಿಟ್ಟದ್ದೇ ತಡ, ಆಟೋ ಹಿಡಿದು ಓಡಿದೆ. ಸುತಳಿ ಬಿಗಿದು ಚೆಂದಾಗಿ ಕಟ್ಟಿಟ್ಟಿದ್ದರು. ಬಿಚ್ಚಿ ನೋಡಿದರೆ ಅಷ್ಟೂ ಹತ್ತನೇ ಇಯತ್ತೆಯ ಗಣಿತದ ಗೈಡುಗಳು.

‘ಇದೇನ್ರಿ ಚಾಚಾ?’

‘ನಮಗ ಅದರದು ಸಮಝ್ ಇಲ್ರಿ. ಮೊಮ್ಮಗಳಿಗಿ ಕೇಳಿದೆ, ಯಾವ ಪುಸ್ತಕ ನೋಡಿದ್ರ ಭಾಳ ಅಂಜಿಕಿ ಬರ್ತದವ್ವಾ ಅಂತ. ಇದನ್ನೇ ತೋರ್ಸಿದಳು.’

ಗಂಟು ಹೊತ್ತುಕೊಂಡು ಮನೆಗೆ ಬಂದೆ. ನಾನು ಯಾವ ವಿಷಯದ ಟೀಚರು ಎಂದು ಚಾಚಾರಿಗೆ ಇವತ್ತಿಗೂ ಹೇಳಿಲ್ಲ.

ಸಣ್ಣದೊಂದು ದೆವ್ವ

ಬೀದರದ ಮೈಲೂರಿನಲ್ಲಿ ನಮ್ಮ ಮನೆ. ಹುಳ ಹಿಡಿಯಬಾರದೆಂದು ಒಂದು ಭಾನುವಾರ ಪುಸ್ತಕಗಳನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ್ದೆ. ಬಾಜೂಕಿನ ಮನೆಯಾಕೆ ಹಪ್ಪಳ ಹಾಕಲು ತಮ್ಮ ಮಾಳಿಗೆಗೆ ಬಂದವರು, ಇತ್ತ ನೋಡಿ, ಹಪ್ಪಳ ಹಾಕದೆ ಇಳಿದು ಹೋದರು. ಸಂಜೆ ನಮ್ಮ ಮನೆಗೆ ಬಂದರು. ಬಾಗಿಲು ಮುಂದೆ ಮಾಡಿ ಕೂತರು.

‘ಟೀಚರ್, ನೀವು ಇದನ್ನೆಲ್ಲಾ ಓದ್ಕೊಂಡೀರಿ ಅಂತ ನಮಗ ಗೊತ್ತೇ ಇದ್ದಿಲ್ಲರಿ. ಒಂದು ಉಪಕಾರ ಆಗ್ಬೇಕಿತ್ತು.’

‘ನಾ ದೆವ್ವ ಬಿಡಸೋಕಿ ಅಲ್ಲರಿ, ಬರೇ ಪುಸ್ತಕ ಕೂಡಸ್ತೇನಿ.’

‘ಬಿಡಸ್ರಿ ಅಂತ ಬಂದಿಲ್ಲರಿ. ನಮ್ಮ ಮ್ಯಾಲಿನ ಮನಿ ಬಾಡಿಗಿದಾರ ಖಾಲಿ ಮಾಡವಲ್ಲ. ಒಂದು ಸಣ್ಣದು ಅಲ್ಲಿಗಿ ಕಳಿಸಿದ್ರ ಸಾಕರಿ. ಭಾಳ ಜೋರಿಂದು ಬ್ಯಾಡ, ಅವರ ಮನ್ಯಾಗ ಕೂಸದ.’

ನನಗೆ ಸಿಟ್ಟು ಬಂತು. ಓದು ಕಲಿತವರು ಹೀಗೆಲ್ಲ ಮಾತಾಡುತ್ತಾರೆಯೇ ಎಂದು ಒಂದು ತಾಸು ತಿಳಿಹೇಳಿದೆ. ಅವರು ಹೂಂ ಹೂಂ ಎಂದು ಗೋಣು ಹಾಕಿದರು. ನಾನು ಹೇಳಿದ್ದು ತಲೆಗೆ ಹೋಯಿತು ಎಂದುಕೊಂಡೆ. ಎಂಟು ದಿನದಲ್ಲಿ ಆ ಬಾಡಿಗೆದಾರನಿಗೆ ಬೇರೆ ಊರಿಗೆ ವರ್ಗವಾಯಿತು, ಮನೆ ಖಾಲಿ ಮಾಡಿ ಹೋದ. ಮರುದಿನ ಬೆಳಿಗ್ಗೆ ಬಾಜೂಕಿನಾಕೆ ತಟ್ಟೆ ತುಂಬ ಹೋಳಿಗೆ ಹಿಡಿದು ಬಂದರು. ತಟ್ಟೆ ನನ್ನ ಕೈಗಿಟ್ಟು ಮೆಲ್ಲಗೆ ಹೇಳಿದರು.

‘ನಿಮ್ಮ ಕೆಲಸ ಭಾಳ ಬರೋಬ್ಬರಿ ಆತರಿ ಟೀಚರ್. ಇನ್ನ ಅದನ್ನ ವಾಪಸ್ ಕರಕೊಂಡು ಬಿಡ್ರಿ. ಹೊಸಾ ಬಾಡಿಗಿದಾರರು ನಾಳಿ ಮನಿ ನೋಡ್ಲಿಕ್ಕ ಬರೋರಿದ್ದಾರ.’

ಮದುವೆ ಕಾರ್ಡು

‘ಬುರುಜಿನ ಹೆಣ್ಣು’ ಅಚ್ಚಾದ ಪ್ರೆಸ್ಸಿನ ಹೆಸರು ಪುಸ್ತಕದ ಬೆನ್ನಿಗೆ ಇತ್ತು. ಭಾಲ್ಕಿಯದೇ. ನಾನು ಹುಟ್ಟಿ ಬೆಳೆದ ಊರಿನಲ್ಲಿ, ನಮ್ಮ ಓಣಿಯಿಂದ ನಾಲ್ಕು ಹೆಜ್ಜೆಯ ಮೇಲೆ ಆ ಪ್ರೆಸ್ಸು ಇತ್ತು. ಅಣ್ಣನೂ ನಾನೂ ದಿನಾ ಅದರ ಮುಂದೆಯೇ ಸಾಲಿಗೆ ಹೋಗುತ್ತಿದ್ದೆವು, ಒಳಗೆ ಇಣುಕಿ ಕೇಳುವ ಬುದ್ಧಿ ಇಬ್ಬರಿಗೂ ಬರಲಿಲ್ಲ. ಈಗ ಅಲ್ಲಿ ಬ್ಯಾನರು ಮತ್ತು ಮದುವೆ ಕಾರ್ಡು ಮಾಡುತ್ತಾರೆ. ಹಳೆಯ ಮಾಲೀಕರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

‘ನೆನಪದ ಬಿಡ್ರಿ’ ಎಂದರು. ‘ಲೆಕ್ಕಕ್ಕಿಂತ ಒಂದು ಪುಟ ಹೆಚ್ಚಾಗಿತ್ತು. ಅದೊಂದನ್ನ ಬ್ಯಾರೆ ಅಚ್ಚು ಹಾಕಿ ಅಂಟಿಸಿದ್ವಿ. ಅಂಟು ಕಚ್ಚಲಿಲ್ಲ. ಎಲ್ಲಾ ಪುಸ್ತಕದ್ದೂ ಕಡೀ ಪುಟ ಉದುರಿ ಹೋದ್ವು.’

‘ಅದರಾಗ ದೆವ್ವ ಏನಂದಿತ್ತು, ನೆನಪದೇನ್ರಿ?’

‘ಅಚ್ಚು ಹಾಕೋರು ಓದಂಗಿಲ್ಲ ತಂಗಿ. ಓದಿದ್ರ ತಪ್ಪು ಕಾಣಸ್ತಾವ.’

ಆಮೇಲೆ ತಾವೇ ನಗಲು ಹತ್ತಿದರು. ಆ ಪುಟಗಳು ಒಣಗಲೆಂದು ಹಾಕಿದ್ದ ಜಾಗದಲ್ಲಿಯೇ ಒಂದು ಮದುವೆಯ ಕಾರ್ಡುಗಳನ್ನೂ ಇಟ್ಟಿದ್ದರಂತೆ. ಪ್ಯಾಕು ಮಾಡುವಾಗ ಒಂದು ಕಟ್ಟಿನ ಕಾರ್ಡುಗಳಲ್ಲಿ ದೆವ್ವದ ಪುಟವೂ ಸೇರಿ, ಹೆಣ್ಣಿನ ಕಡೆಯ ಬಂಧು ಬಳಗಕ್ಕೆಲ್ಲ ಮುಟ್ಟಿತಂತೆ. ಕೂದಲು ಬಿಟ್ಟುಕೊಂಡು, ಹಲ್ಲು ಕಿಸಿದು ಬಾಗಿಲಲ್ಲಿ ನಿಂತ ಹೆಣ್ಣು.

‘ಜಗಳಕ್ಕ ಬಂದಿರಬೇಕಲ್ರಿ?’

‘ಎಲ್ಲೀ ಜಗಳ. ಹೆಣ್ಣಿನ ಕಡಿಯವರು ಬಂದು, ನಮ್ಮ ಬೀಗತಿ ಚಿತ್ರ ಇಷ್ಟು ಛಲೋ ಯಾರು ಬರದ್ರು ಅಂತ ಕೇಳಿ ಹೋದ್ರು.’

ಕಥೆ ಕಟ್ಟಿ ಚಿತ್ರ ಬರೆದವರು ಒಬ್ಬ ಡ್ರಾಯಿಂಗ್ ಮಾಸ್ತರ್. ರಿಟೈರಾಗಿ ಔರಾದಿನಲ್ಲಿ ಇದ್ದಾರೆ ಎಂದು ಮಾಲೀಕರೇ ಹೇಳಿದರು.

ಒಬ್ಬರು ಅಂಜಿದರು

ಔರಾದಿನ ಬಸ್ಸು ಹತ್ತಿದೆ. ಮಾಸ್ತರರಿಗೆ ಎಂಬತ್ತರ ಹತ್ತಿರ. ನಾನು ಪುಸ್ತಕ ತೆಗೆದು ಕೈಗೆ ಕೊಟ್ಟಾಗ ಅವರು ಅದನ್ನು ಬಹಳ ಹೊತ್ತು ತಿರುವಿ ತಿರುವಿ ನೋಡಿದರು.

‘ನೀವು ಓದಿದ್ರೇನ್ರಿ ಇದನ್ನ?’

‘ಸಣ್ಣಾಕಿ ಇದ್ದಾಗ ನಮ್ಮಣ್ಣ ಓದಿ ಹೇಳಿದ್ದರಿ.’

‘ಅಂಜಿಕಿ ಬಂತೇನು?’

‘ನಾಲ್ಕು ದಿನ ಒಬ್ಬಾಕೀನ ಬಚ್ಚಲಮನಿಗಿ ಹೋಗಿದ್ದಿಲ್ಲರಿ.’

ಮಾಸ್ತರರ ಮುಖ ಅರಳಿತು. ಇಷ್ಟು ವರ್ಷದಲ್ಲಿ ಆ ಪುಸ್ತಕ ಓದಿದವರು ಅವರ ಮನೆಗೆ ಬಂದದ್ದು ಅದೇ ಮೊದಲಂತೆ. ಒಳಗೆ ಮುಖ ಮಾಡಿ ಕೂಗಿದರು, ‘ಕೇಳಿದ್ಯೇನು? ಒಬ್ಬರು ಅಂಜ್ಯಾರಂತ.’

ಕೊನೆಯ ಪುಟದ ಮಾತು ಮಾತ್ರ ಅವರಿಗೆ ನೆನಪಿರಲಿಲ್ಲ. ‘ಭಾಳ ಛಲೋ ಬರದಿದ್ದೆ ಅನ್ನೋದಷ್ಟೇ ನೆನಪದ’ ಎಂದರು. ನನ್ನ ಮುಖ ಬಾಡಿದ್ದನ್ನು ನೋಡಿ ಪಾಪ ಬಹಳ ಯೋಚನೆ ಮಾಡಿದರು. ಮನಸ್ಸಿನಿಂದ ಮುಖ ಬರೆಯಲು ಅವರಿಗೆ ಬರುತ್ತಿರಲಿಲ್ಲವಂತೆ, ಎದುರಿಗೆ ಯಾರಾದರೂ ಬೇಕಿತ್ತಂತೆ. ಆಗ ಅವರು ಕಮಠಾಣದ ಸಾಲಿಯಲ್ಲಿದ್ದರು, ಊಟ ಒಬ್ಬ ತಾಯಿಯ ಮನೆಯಲ್ಲಿ.

‘ಆಕಿ ರೊಟ್ಟಿ ಬಡಿಯೂಮುಂದ ನೋಡಿ ನೋಡಿ ಈ ದೆವ್ವ ಬರದೀನ್ರಿ. ಭಾಳ ಕರುಳಿನ ಹೆಣ್ಣುಮಗಳು. ಕೂದಲಷ್ಟೇ ನಾ ಬಿಚ್ಚೀನಿ. ಉಂಡ ಋಣಕ್ಕ ಅವರ ಮನ್ಯಾಗೊಂದು ಪುಸ್ತಕ ಕೊಟ್ಟು ಬಂದಿದ್ದೆ. ಇದ್ರ ಅಲ್ಲಿ ಇರಬೇಕು. ಸಿಕ್ರ ನನಗೂ ಹೇಳಿ ಕಳಸ್ರಿ, ದೆವ್ವ ಏನಂತು ಅಂತ ನನಗೂ ತಿಳೀಬೇಕಲ್ಲ.’

ಅಷ್ಟರಲ್ಲಿ ಅವರ ಮನೆಯವರು ಚಹಾ ತಂದರು. ನನ್ನನ್ನು ನೋಡಿ, ‘ನೀವೇ ಏನ್ರಿ ಅಂಜಿದವರು?’ ಎಂದು ಕೇಳಿದರು. ಹೌದೆಂದೆ.

‘ಬರೇ ಪುಸ್ತಕಕ್ಕೇ ಅಂಜೀರಿ. ನಾ ಬರದವರ ಜೋಡಿ ಐವತ್ತು ವರ್ಷ ತೆಗದೀನಿ’ ಎಂದು ಒಳಗೆ ಹೋದರು.

ಕಮಠಾಣದ ಅವ್ವ

ಮುಂದಿನ ಭಾನುವಾರ ಕಮಠಾಣಕ್ಕೆ ಹೋದೆ. ಆ ತಾಯಿ ಎಂದೋ ತೀರಿಹೋಗಿದ್ದರು. ಮನೆಯಲ್ಲಿ ಅವರ ಮಗಳಿದ್ದರು, ನನಗಿಂತ ಹತ್ತು ವರ್ಷ ಹಿರಿಯರು. ನೀರು ಕೊಟ್ಟು ಚಾಪೆ ಹಾಸಿದರು. ಕೂತು ತಲೆ ಎತ್ತಿದೆ. ಪಡಸಾಲೆಯ ಗೋಡೆಯ ಮೇಲೆ ಬಸವಣ್ಣನ ಫೋಟೋದ ಪಕ್ಕದಲ್ಲಿ, ಒಂದು ಹಲಗೆಗೆ ಅಂಟಿಸಿದ ಕಾಗದಕ್ಕೆ ಸೇವಂತಿಗೆ ಮಾಲೆ ಹಾಕಿದ್ದರು. ಕೂದಲು ಬಿಟ್ಟ ಹೆಣ್ಣು, ತೆರೆದ ಬಾಯಿ, ಬಾಗಿಲು. ನಲವತ್ತು ವರ್ಷದಿಂದ ನಾನು ನೋಡಬೇಕೆಂದಿದ್ದ ಪುಟದ ಎದುರಿಗೆ ಊದಿನಕಡ್ಡಿ ಉರಿಯುತ್ತಿತ್ತು.

‘ನಮ್ಮವ್ವರಿ’ ಎಂದರು ಮಗಳು. ‘ಒಂದು ಫೋಟೋ ತೆಗಿಸಿದಾಕಿ ಅಲ್ಲ. ಲಿಂಗೈಕ್ಯ ಆದ ಮ್ಯಾಲ ಆಕಿ ಪೆಟಗ್ಯಾಗ ಈ ಹಾಳಿ ಸಿಕ್ತು. ಯಾವ ಪುಣ್ಯಾತ್ಮ ಬರದನೋ, ಥೇಟ್ ಅವ್ವನೇ. ಉಗುರಷ್ಟೇ ತಪ್ಪು ಬರದಾನ. ಅವ್ವ ಉಗುರು ಬಿಡಾಕಿ ಅಲ್ಲರಿ.’

‘ಹಲ್ಲು?’ ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

‘ಹಲ್ಲು ಹಾಂಗೇ ಇದ್ವರಿ.’

ನಾನು ಎದ್ದು ಹತ್ತಿರ ಹೋದೆ. ದೆವ್ವದ ಬಾಯಿಯ ಪಕ್ಕದಲ್ಲಿ ಮಾತು ಬರೆಯುವ ಬಿಳಿಯ ಗುಂಡು ಇತ್ತು. ಅದರ ಮೇಲೆ ಬೆರಳು ದಪ್ಪ ವಿಭೂತಿ. ಒಂದು ಅಕ್ಷರವೂ ಕಾಣಿಸುತ್ತಿರಲಿಲ್ಲ.

‘ವಿಭೂತಿ ಇಲ್ಲಿ ಯಾಕ ಹಚ್ಚೀರಿ?’

‘ಹಣಿ ತುಂಬ ಕೂದಲ ಹರಡ್ಯಾವಲ್ಲರಿ, ಅಲ್ಲಿ ಜಾಗ ಎಲ್ಲದ? ಬಾಜೂಕ ಇದೊಂದು ಬೆಳ್ಳಗ ಖಾಲಿ ಕಾಣಸ್ತು. ದಿನಾ ಜಳಕಾ ಆದ ಮ್ಯಾಲ ತಪ್ಪದೆ ಹಚ್ತೇನಿ. ಒಳಗ ಸಣ್ಣಾಗಿ ಏನೋ ಬರದಿತ್ತು. ನನಗ ಓದ್ಲಿಕ್ಕ ಬರಂಗಿಲ್ಲ. ಅವ್ವನ ಹೆಸರು ಇರಬೇಕು ಅನ್ಕೊಂಡೀನಿ.’

‘ಹೆಸರಲ್ಲರಿ ಅಕ್ಕಾ. ಚಿತ್ರದಾಗ ಇಂಥ ಗುಂಡು ಇದ್ರ ಅದರಾಗ ಆ ಮನಷ್ಯಾರು ಆಡೂ ಮಾತು ಇರ್ತದ.’

ಆಕೆ ಚಿತ್ರದ ಕಡೆ ತಿರುಗಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, ‘ಅಂದ್ರ ನಮ್ಮವ್ವ ಇಷ್ಟು ವರ್ಷ ಏನೋ ಮಾತಾಡ್ಲಿಕತ್ತಾಳೇನ್ರಿ?’

ಅದು ಅವ್ವ ಅಲ್ಲ, ಬುರುಜಿನ ದೆವ್ವ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೌದೆಂದೆ. ನಾನು ಕೇಳಿಕೊಳ್ಳುವ ಮೊದಲೇ ಆಕೆ ಮಾಲೆ ತೆಗೆದರು, ಹಲಗೆ ಇಳಿಸಿದರು, ತೊಡೆಯ ಮೇಲೆ ಇಟ್ಟುಕೊಂಡರು. ‘ನೀವು ಓದಿ ಹೇಳ್ರಿ’ ಎಂದು ಸೆರಗಿನ ತುದಿ ನೀರಿನಲ್ಲಿ ಅದ್ದಿದರು. ನಾನು ಪಕ್ಕದಲ್ಲಿ ಮೊಣಕಾಲು ಊರಿ ಕೂತೆ. ಇಬ್ಬರಿಗೂ ಒಂದೇ ಅವಸರ. ತಡೀರಿ, ಹಳೆಯ ಕಾಗದ, ಮೆಲ್ಲಗೆ ಎನ್ನಬೇಕಿತ್ತು. ಮಕ್ಕಳಿಗೆ ದಿನವಿಡೀ ತಾಳ್ಮೆ ಬೋಧಿಸುವ ನಾನು, ‘ಒರಸ್ರಿ, ಒರಸ್ರಿ’ ಎಂದೆ.

ಆಕೆ ಒರೆಸಿದರು. ವಿಭೂತಿ ಬಂತು. ಅದರ ಜೋಡಿ ಕಾಗದವೂ ಬಂತು. ವರ್ಷಗಟ್ಟಲೆ ದಿನಾ ಒದ್ದೆ ವಿಭೂತಿ ಉಂಡು ಆ ಜಾಗವೆಲ್ಲ ಹಿಟ್ಟಾಗಿತ್ತು. ಸೆರಗಿನಲ್ಲಿ ಬೂದು ಬಣ್ಣದ ಮುದ್ದೆ ಉಳಿಯಿತು. ಚಿತ್ರದಲ್ಲಿ ಬಾಯಿಯ ಪಕ್ಕ ಹಲಗೆಯ ಕಟ್ಟಿಗೆ ಕಾಣಿಸಿತು. ಆ ಮುದ್ದೆಯನ್ನು ಬಿಸಿಲಿಗೆ ಹಿಡಿದು ನೋಡಿದೆ, ಬಿಡಿಸಿ ನೋಡಿದೆ. ಏನೂ ಇರಲಿಲ್ಲ.

ನಾನು ಅತ್ತುಬಿಟ್ಟೆ. ಪರರ ಮನೆಯಲ್ಲಿ, ಗುರುತಿಲ್ಲದವರ ಮುಂದೆ. ಅಣ್ಣ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಅವನು ಓದಿದ್ದನೋ ಇಲ್ಲವೋ ಇನ್ನು ಯಾರೂ ಹೇಳಲಾರರು. ಅವನನ್ನು ಒಮ್ಮೆ ಹಿಡಿದು ನಿಲ್ಲಿಸಿ, ಸುಳ್ಳು ಹೇಳಿದ್ದಿ ಕಳ್ಳಾ ಎನ್ನಬೇಕೆಂದು ಎಷ್ಟು ಆಸೆಯಿತ್ತು.

ಆಕೆಯ ಕಣ್ಣೂ ತುಂಬಿದ್ದವು. ನಾನೂ ತಮ್ಮ ಅವ್ವನಿಗಾಗಿಯೇ ಅಳುತ್ತಿದ್ದೇನೆ ಎಂದುಕೊಂಡರು. ಮೂಗು ಒರೆಸಿಕೊಂಡು, ಹಲಗೆಯನ್ನು ಮತ್ತೆ ಮೊಳೆಗೆ ತೂಗುಹಾಕಿ, ಮಾಲೆ ಸರಿಮಾಡಿದರು. ಸ್ವಲ್ಪ ಹಿಂದೆ ಸರಿದು ಆ ತೆರೆದ ಬಾಯಿಯನ್ನೂ ಪಕ್ಕದ ತೂತನ್ನೂ ಅಳತೆ ಮಾಡುವ ಹಾಗೆ ನೋಡಿದರು.

‘ಸಮಾಧಾನ ಮಾಡ್ಕೋರಿ ತಂಗಿ’ ಎಂದರು. ‘ಅದರಾಗ ಏನ್ ಬರದಿದ್ರೂ ಸುಳ್ಳೇ ಇರ್ತಿತ್ತು. ನಮ್ಮವ್ವನ ಮಾತು ಇಷ್ಟು ಸಣ್ಣ ಜಾಗದಾಗ ಹಿಡಸೂವು ಅಲ್ಲರಿ.’