ಕನಕಮ್ಮ ನಗದ ಎರಡು ವರ್ಷ

ಸರ್ಕಾರಿ ಬಸ್ಸಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕಂಡಕ್ಟರಾಗಿದ್ದವನು ನಾನು, ಉಚ್ಚಂಗೆಪ್ಪ. ಟಿಕೆಟ್ ಹರಿದು ಕೊಡುತ್ತಾ ನಾನು ನಗಿಸಿದ ಪ್ರಯಾಣಿಕರು ಒಂದು ಲಕ್ಷಕ್ಕಂತೂ ಕಡಿಮೆ ಇಲ್ಲ. (ಅವರಲ್ಲಿ ಅರ್ಧ ಮಂದಿ ಚಿಲ್ಲರೆ ವಾಪಸು ಸಿಗಲಿ ಅಂತ ನಕ್ಕಿದ್ದು ಎನ್ನುವುದು ನನ್ನ ಹೆಂಡತಿ ಕನಕಮ್ಮನ ವಾದ.) ಇಂಥ ನಗೆಸಾಮ್ರಾಟ ರಿಟೈರಾಗಿ, ಕೊಟ್ಟೂರಿನ ಸ್ವಂತ ಮನೆಯಲ್ಲಿ ಕಾಲು ಚಾಚಿ ಕುಂತು, ಪುರುಸೊತ್ತಾಗಿ ಒಂದು ಜೋಕು ಶುರು ಮಾಡಿದರೆ ಕಟ್ಟಿಕೊಂಡ ಹೆಂಡತಿ ಏನು ಮಾಡಬೇಕು? ನನ್ನವಳು ಎದ್ದು ಒಳಗೆ ಹೋಗುತ್ತಿದ್ದಳು.

ಮೊದಮೊದಲು ಒಲೆ ಮೇಲೆ ಹಾಲಿಟ್ಟಿದ್ದಾಳೆ ಅಂದುಕೊಂಡೆ. ಆದರೆ ನಮ್ಮ ಮನೆಗೆ ಬರುವುದೇ ಅರ್ಧ ಲೀಟರ್ ಹಾಲು. ಅದು ದಿನಕ್ಕೆ ನಾಲ್ಕು ಸಲ ಉಕ್ಕುವುದುಂಟೇ?

ಕನಕಮ್ಮ ಮೊದಲಿನಿಂದ ಹೀಗಿದ್ದವಳಲ್ಲ. ಅವಳು ನಕ್ಕರೆ ಗೋಡೆಯಾಚೆಯ ಜೈತುನ್ ಬೀ ಹೊಲಿಗೆ ಮಶೀನು ನಿಲ್ಲಿಸಿ, “ಏನಾತಕ್ಕಾ?” ಎಂದು ಕೇಳಿ, ಉತ್ತರ ಬರುವ ಮೊದಲೇ ತಾನೂ ನಗುತ್ತಿದ್ದಳು. ಅಂಥವಳು ಐವತ್ತಾರಕ್ಕೆ ಬಾಯಿಗೆ ಬೀಗ ಹಾಕಿಕೊಂಡಳು. ಮದುವೆ ಮುಂಜಿ ಬಿಟ್ಟಳು. ನೀರು ಕುಡಿಯುವುದನ್ನೂ ಕಡಿಮೆ ಮಾಡಿದಳು. ಹರಪನಹಳ್ಳಿಯಲ್ಲಿ ಟೀಚರಾಗಿರುವ ಮಗಳು ಯಶೋಧರಾಳ ಕೂಸಿಗೆ ಹೆಸರಿಡುವ ದಿನವೂ, “ಸೊಂಟ ಹಿಡದೈತಿ, ನೀವ ಹೋಗಿ ಬರ್ರಿ” ಎಂದು ನನ್ನೊಬ್ಬನನ್ನೇ ಕಳಿಸಿದಳು. ಅಜ್ಜಿ ಎಲ್ಲಿ ಅಂತ ಬೀಗರು ಕೇಳಿದರೆ ನಾನು ಒಂದು ಜೋಕು ಹೇಳಿ ಮಾತು ಹಾರಿಸಿದೆ. ಮಗಳು ನಗಲಿಲ್ಲ.

ನನ್ನ ಅಕ್ಕ ಪಕ್ಕೀರಮ್ಮನಿಗೆ ಫೋನ್ ಹಚ್ಚಿದೆ. ಅವಳಿಗೆ ಗೊತ್ತಿಲ್ಲದ ರೋಗವೇ ಇಲ್ಲ.

“ಮುಟ್ಟು ನಿಂತ ಮ್ಯಾಲೆ ಹೆಣ್ಮಕ್ಕಳ ಮನಸು ಮುದುಡ್ತೈತಿ ತಮ್ಮಾ. ಹೊರಗ ಕರಕೊಂಡು ಹೋಗು, ನಾಕು ಮಂದಿ ಜೋಡಿ ಬಿಡು,” ಅಂದಳು.

ಆಗ ನನ್ನ ತಲೆಯಲ್ಲಿ ಮಹಾಜ್ಞಾನದ ದೀಪ ಹತ್ತಿತು. ಕಾಲೇಜು ಮೈದಾನದಲ್ಲಿ ರಿಟೈರ್ಡ್ ಮೇಷ್ಟ್ರು ಗುರುಸಂಗಪ್ಪನವರು ಹೊಸದಾಗಿ ನಗೆಕೂಟ ಶುರು ಮಾಡಿದ್ದರು. ದಿನಾ ಮುಂಜಾನೆ ಆರಕ್ಕೆ ಮೂವತ್ತು ಜನ ಗುಂಪಾಗಿ ನಿಂತು, ಕಾರಣವಿಲ್ಲದೆ ಅರ್ಧ ತಾಸು ನಗುವುದು. ಕನಕಮ್ಮನ ಹೆಸರು ಬರೆಸಿಯೇ ಬಂದೆ.

“ನಾ ಬರಂಗಿಲ್ಲ,” ಅಂದಳು.

“ಹೆಸರು ಹಚ್ಚೀನಿ. ಬರಲಿಲ್ಲಂದ್ರ ನನ್ನ ಮರ್ಯಾದಿ ಏನಾಗಬೇಕು?”

ಮರುದಿನ ಬಂದಳು, ತುಟಿ ಬಿಗಿಹಿಡಿದು ಕಡೆಯ ಸಾಲಿನಲ್ಲಿ ನಿಂತಳು. ಎಲ್ಲರೂ ಕೈ ಮೇಲೆತ್ತಿ ಹೋ ಹೋ ಅನ್ನುತ್ತಿದ್ದರೆ ಇವಳು ಸಾವಿನ ಮನೆಗೆ ಬಂದವಳ ಹಾಗೆ ನೆಲ ನೋಡುತ್ತಿದ್ದಳು. ನಾನು ಹಿಂದಿನಿಂದ, “ನಗಲೇ ಕನಕಾ! ಹೊಟ್ಟಿ ತುಂಬ ನಗು!” ಎಂದು ಕೂಗಿದೆ. ಅಷ್ಟರಲ್ಲಿ ಗುರುಸಂಗಪ್ಪನವರು ಸಿಂಹದ ಹಾಗೆ ನಗುವುದು ಹೇಗೆಂದು ತೋರಿಸಲು ಬಾಯಿ ತೆರೆದರು. ಸಿಂಹದ ಕಟ್ಟುಹಲ್ಲಿನ ಸೆಟ್ಟು ಪಟ್ಟನೆ ಹೊರಗೆ ಹಾರಿತು. ಅವರು ಅದನ್ನು ಕ್ರಿಕೆಟ್ ಚೆಂಡಿನಂತೆ ಎರಡೂ ಕೈಯಲ್ಲಿ ಹಿಡಿದರು.

ಕನಕಮ್ಮ ನಕ್ಕಳು. ತಡೆಯಲಾಗದೆ ನಕ್ಕಳು. ಮರುಕ್ಷಣವೇ ಅವಳ ಮುಖ ಬಿಳಿಚಿತು. ಸೆರಗು ಸೊಂಟಕ್ಕೆ ಸುತ್ತಿಕೊಂಡು, ಯಾರ ಕಡೆಗೂ ನೋಡದೆ ಮೈದಾನ ದಾಟಿ ಹೊರಟೇಬಿಟ್ಟಳು.

ನಾನು ಉರಿಯುತ್ತಾ ಮನೆಗೆ ಬಂದಾಗ ಅವಳು ಸೀರೆ ಬದಲಿಸಿ, ಹಿತ್ತಲಲ್ಲಿ ಲಂಗ ಹಿಂಡಿ ತಂತಿಗೆ ಹಾಕುತ್ತಿದ್ದಳು.

“ಮಂದಿ ಮುಂದ ನನ್ನ ಮಾನ ಕಳದಿ!” ಅಂದೆ.

“ಮಾನ ಯಾರದು ಹೋಗ್ಯೈತಿ ಅಂತ ನಿಮಗ ಗೊತ್ತೈತೇನು?” ಅವಳು ತಂತಿಯ ಕಡೆಗೇ ಮುಖ ಮಾಡಿ ಅಂದಳು. “ನಕ್ಕರ ಒದ್ದಿ ಆಕ್ಕೈತ್ರಿ ನನಗ. ಕೆಮ್ಮಿದ್ರ, ಸೀನಿದ್ರ, ಕೊಡ ಎತ್ತಿದ್ರ ಮೂತ್ರ ಹನಿತೈತಿ. ಎರಡು ವರ್ಷ ಆತು.”

“ಅಷ್ಟೇನಾ?” ಅಂದುಬಿಟ್ಟೆ. (ಮೂವತ್ತೈದು ವರ್ಷದ ಸಂಸಾರದಲ್ಲಿ ನಾನು ಆಡಿದ ಮಾತುಗಳಲ್ಲಿ ಇದಕ್ಕಿಂತ ದಡ್ಡ ಮಾತು ಇನ್ನೊಂದಿಲ್ಲ.)

“ಅಷ್ಟ! ಅಷ್ಟಕ್ಕ ಮೊಮ್ಮಗಳ ತೊಟ್ಟಿಲಾ ತೂಗಲಿಲ್ಲ. ಬಸ್ಸಿನ್ಯಾಗ ಒಂದು ತಾಸು ಹೆಂಗ ಕುಂದರಲಿ, ವಾಸನಿ ಬಂದ್ರ ಏನ್ ಮಾಡಲಿ ಅಂತ ಹೆದರಿ ಮನ್ಯಾಗ ಕುಂತೆ.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ಅದನ್ನೂ ಜೋಕ್ ಮಾಡ್ತಿದ್ರಿ.”

ಬಸ್ಸಿನಲ್ಲಿ ಎಷ್ಟೋ ಹೆಂಗಸರು ಮೆಲ್ಲಗೆ ಬಂದು, “ಅಣ್ಣಾ, ಒಂದೆರಡು ನಿಮಿಷ ನಿಲ್ಲಸ್ರೀ” ಅಂದದ್ದು ನೆನಪಾಯಿತು. “ಇದು ಬಸ್ಸು ತಾಯಿ, ನಿಮ್ಮ ಮನಿ ಬಂಡಿ ಅಲ್ಲ” ಅಂತ ನಾನು ಗಟ್ಟಿಯಾಗಿ ಹೇಳುತ್ತಿದ್ದೆ. ಇಡೀ ಬಸ್ಸು ನಗುತ್ತಿತ್ತು. ಆ ಹೆಂಗಸರು ನಕ್ಕಿದ್ದರೇ? ನೆನಪಿಲ್ಲ. ನಾನು ತಿರುಗಿ ನೋಡಿದ್ದೇ ಇಲ್ಲ.

ತಪ್ಪು ಮಾಡಿದ ಗಂಡಸು ಸುಮ್ಮನೆ ಕೂರುವುದಿಲ್ಲ, ಇನ್ನೊಂದು ತಪ್ಪು ಮಾಡಲು ಓಡುತ್ತಾನೆ. ನಾನು ಮತ್ತೆ ಅಕ್ಕನಿಗೆ ಫೋನ್ ಹಚ್ಚಿದೆ.

“ಗರ್ಭಕೋಶ ತೆಗೆಸಿ ಒಗಿ! ಈ ವಯಸ್ಸಿನ್ಯಾಗ ಅದ್ಯಾಕ ಬೇಕು? ನಮ್ಮ ಓಣ್ಯಾಗ ಮೂರು ಮಂದಿ ತೆಗೆಸ್ಯಾರ,” ಅಂದಳು ಪಕ್ಕೀರಮ್ಮ.

ಆಪರೇಷನ್ ಆಗಲಿ ಅಂತ ನಾನು ತೀರ್ಪು ಕೊಟ್ಟೆ. ಗೋಡೆಯಾಚೆಯಿಂದ ಜೈತುನ್ ಬೀ ತಲೆ ಎತ್ತಿದಳು. (ಅವಳಿಗೆ ಈ ವಿಷಯ ಎರಡು ವರ್ಷದಿಂದಲೂ ಗೊತ್ತಿತ್ತಂತೆ.)

“ಅಣ್ಣಾರ, ಬಸ್ಸಿನ ಬ್ರೇಕ್ ಸಡ್ಲಾದ್ರ ಎಂಜಿನ್ ಬಿಚ್ಚಿ ಒಗೀತೀರೇನ್ರಿ? ಮೊದ್ಲು ಡಾಕ್ಟ್ರಿಗೆ ತೋರಸ್ರಿ. ಅಕ್ಕಾಗ ನಾ ಹೇಳಿ ಹೇಳಿ ಸಾಕಾತು.”

ಜೈತುನ್ ಬೀಯ ಗಂಡ ಬಸ್ ಮೆಕ್ಯಾನಿಕ್. ಮೆಕ್ಯಾನಿಕನ ಹೆಂಡತಿಯ ಮಾತು ಮೀರುವ ಅಧಿಕಾರ ಕಂಡಕ್ಟರಿಗಿಲ್ಲ.

ಹರಪನಹಳ್ಳಿಯ ಲೇಡಿ ಡಾಕ್ಟರ್ ಸುಕನ್ಯಾ ಅವರ ಹತ್ತಿರ ಹೋದೆವು. ನನ್ನನ್ನು ಹೊರಗೆ ಕೂರಿಸಿ, ಪರೀಕ್ಷೆ ಮಾಡಿ, ಮೂತ್ರ, ಸಕ್ಕರೆ ಎಲ್ಲ ನೋಡಿ, ಆಮೇಲೆ ಕರೆದರು. ನಾನು ಕೂರುವ ಮೊದಲೇ, “ಗರ್ಭಕೋಶ ಯಾವಾಗ ತೆಗೀತೀರಿ ಮೇಡಂ?” ಅಂದೆ.

“ಅದು ಏನು ತಪ್ಪು ಮಾಡ್ಯೈತ್ರಿ?” ಅಂದರು ಡಾಕ್ಟರು. “ಹೆರಿಗೆ ಆಗಿರ್ತಾವು, ವಯಸ್ಸಾಗ್ತೈತಿ, ಕೆಳಗಿನ ಸ್ನಾಯು ಸಡಿಲ ಆಕ್ಕಾವು. ಬಾಳ ಮಂದಿಗೆ ಇರ್ತೈತಿ, ಹೇಳೋರು ಕಡಿಮಿ. ಮೂತ್ರ ಬಂದಾಗ ಹೆಂಗ ತಡೀತೀರಿ, ಹಂಗ ಸ್ನಾಯು ಬಿಗಿ ಹಿಡೀಬೇಕು, ಬಿಡಬೇಕು. ಹತ್ತು ಸಲ, ದಿನಕ್ಕ ಮೂರು ಹೊತ್ತು. ಚಾ ಕಡಿಮಿ ಮಾಡ್ರಿ, ನೀರು ಬಿಡಬ್ಯಾಡ್ರಿ. ಮೂರು ತಿಂಗಳು ನೋಡೋಣು. ಕಡಿಮಿ ಆಗಲಿಲ್ಲಂದ್ರ ಮುಂದಿನ ದಾರಿ ಅದಾವು.”

ಕನಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ನನಗೊಬ್ಬಾಕಿಗೆ ಹಿಂಗ ಅಂದುಕೊಂಡಿದ್ದೆ,” ಅಂದಳು.

ಮನೆಗೆ ಬಂದ ಕೂಡಲೇ ವ್ಯಾಯಾಮದ ಮೇಲ್ವಿಚಾರಣೆಯನ್ನು ನಾನೇ ವಹಿಸಿಕೊಂಡೆ. ಬೆಳಗ್ಗೆ ಅವಳು ರೊಟ್ಟಿ ಬಡಿಯುವಾಗ ಬಾಗಿಲಲ್ಲಿ ನಿಂತು, “ಹೋಲ್ಡಾನ್!” ಅನ್ನುತ್ತಿದ್ದೆ. ಐದು ಎಣಿಸಿ, “ರೈಟ್ ರೈಟ್!” ಎಂದು ಬಿಡುಗಡೆ ಕೊಡುತ್ತಿದ್ದೆ.

“ಮೆಲ್ಲಗೆ ಅನ್ರಿ! ನಾ ಮಾಡೋದು ಪಕ್ಕದಾಗ ಕುಂತೋರಿಗೂ ಕಾಣಂಗಿಲ್ಲ. ನೀವು ಒದರೋದು ಓಣಿಗೆಲ್ಲ ಕೇಳ್ತೈತಿ.”

“ಹಿಡದೀಯೋ ಇಲ್ಲೋ ನನಗೆಂಗ ಗೊತ್ತಾಗಬೇಕು?”

“ಗೊತ್ತಾಗಬಾರದು ಅಂತನ ದೇವರು ಅದನ್ನ ಒಳಗ ಇಟ್ಟಾನ.”

ಹಾಗಂತ ಕೆಲಸ ಬಿಡಲಿಲ್ಲ ನಾನು. ಗುಣವಾಗಿದೆಯೋ ಇಲ್ಲವೋ ನೋಡಲು ಎರಡನೇ ತಿಂಗಳಿಂದ ದಿನಕ್ಕೆ ಮೂರು ಜೋಕು ಹೇಳತೊಡಗಿದೆ. ಈಗ ಅವಳು ಎದ್ದು ಹೋಗುತ್ತಿರಲಿಲ್ಲ. ಎದುರಿಗೇ ಕುಂತು, ಕಡೆಯವರೆಗೂ ಕೇಳುತ್ತಿದ್ದಳು. ನನ್ನ ಎದೆ ಉಬ್ಬಿತು.

ಮೂರು ತಿಂಗಳಾದ ಮೇಲೆ ಡಾಕ್ಟರ ಬಳಿಗೆ ಮತ್ತೆ ಹೋದಾಗ ಈ ಸಲ ನನ್ನನ್ನೂ ಒಳಗೆ ಕೂರಿಸಿಕೊಂಡರು. ಕೆಮ್ಮಿದಾಗ ಹೇಗೆ, ಕೊಡ ಎತ್ತಿದಾಗ ಹೇಗೆ ಅಂತ ಕೇಳಿದರು. ಬಹಳ ಕಡಿಮೆಯಾಗಿದೆ ಅಂದಳು ಕನಕಮ್ಮ. “ನಕ್ಕಾಗ?” ಅಂದರು.

ನಾನು ಎದ್ದು ನಿಂತೆ. “ಅದರ ಜವಾಬ್ದಾರಿ ನಂದು ಮೇಡಂ. ದಿನಾ ಮೂರು ಜೋಕು ಹೇಳಿ ಪರೀಕ್ಷಾ ಮಾಡೀನಿ. ಒಂದು ಹನಿ ಇಲ್ಲ!”

ಡಾಕ್ಟರು ಕನಕಮ್ಮನ ಕಡೆ ನೋಡಿದರು. “ನಕ್ರೇನ್ರಿ?”

“ಇಲ್ರಿ. ನಗು ಬರಲಿಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಹಂಗಾರ ಆ ಪರೀಕ್ಷಾ ಇನ್ನೂ ಆಗಿಲ್ಲ,” ಅಂದರು.

ಆಗ ನನ್ನ ಮುಖ ಹೇಗಾಗಿತ್ತೋ ನಾನು ಕಾಣೆ. ಕನಕಮ್ಮ ನನ್ನ ಕಡೆ ತಿರುಗಿ ನೋಡಿದಳು, ಕೆಳದುಟಿ ಕಚ್ಚಿದಳು, ಆಮೇಲೆ ಒಡೆದ ಕೆರೆಯಂತೆ ನಕ್ಕಳು. ಸ್ಟೂಲು ಅಲುಗಾಡಿತು. ನರ್ಸಮ್ಮ ಬಾಗಿಲು ತೆರೆದು ಇಣುಕಿದಳು, ಅವಳ ಹಿಂದೆ ನಾಲ್ಕು ಪೇಷಂಟುಗಳು. ಕನಕಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಇದ್ದಳು. ಆದರೆ ಕುಂತಲ್ಲಿಂದ ಏಳಲಿಲ್ಲ.

“ಒಂದು ಹನಿ ಇಲ್ರಿ ಮೇಡಂ!” ಅಂದಳು, ಕಣ್ಣೀರು ಸುರಿಸುತ್ತಾ.

ಹೊರಗೆ ಬಂದು ನಾನು ಕೊಟ್ಟೂರು ಬಸ್ಸಿನ ಕಡೆ ಹೊರಟರೆ ಅವಳು ಮಗಳ ಮನೆ ಕಡೆ ತಿರುಗಿದಳು. “ನೀವು ನಡೀರಿ. ನಾ ಮೊಮ್ಮಗಳ ಜೋಡಿ ನಾಕು ದಿನ ಇದ್ದು ಬರ್ತೀನಿ.”

ನಾಲ್ಕು ದಿನ ಒಂಬತ್ತಾಯಿತು. ಅಲ್ಲಿಂದ ಹಿರೇಹಡಗಲಿಗೆ, ತನ್ನ ತಂಗಿಯ ಮನೆಗೆ ಹೋಗಿದ್ದಾಳೆ. ಎರಡು ತಾಸಿನ ದಾರಿಯಲ್ಲಿ ಕಿಟಕಿ ಸೀಟು ಸಿಕ್ಕಿತ್ತಂತೆ. ಇಲ್ಲಿ ನಾನು ಬಡಿದ ರೊಟ್ಟಿಯನ್ನು ಜೈತುನ್ ಬೀಯ ಆಡೂ ಮೂಸಿ ನೋಡಿ ಬಿಟ್ಟಿದೆ.

ನಿನ್ನೆ ಸಂಜೆ ಫೋನ್ ಹಚ್ಚಿದೆ. ಆ ಕಡೆ ಏಳೆಂಟು ಹೆಂಗಸರು ಹೋ ಎಂದು ನಗುತ್ತಿದ್ದರು. ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುತ್ತಿದ್ದುದು ನನ್ನವಳ ನಗು.

“ಏನಾತಲೇ, ಇಷ್ಟ್ಯಾಕ ನಗಾಕತ್ತೀರಿ?”

“ಏನಿಲ್ರಿ,” ಅಂದಳು, ಏದುಸಿರು ಬಿಡುತ್ತಾ. “ನಿಮ್ಮ ಸುದ್ದಿನ ಹೇಳಾಕತ್ತಿದ್ದೆ.”

ಕಟ್ ಮಾಡಲು ಮನಸ್ಸಾಗಲಿಲ್ಲ. ಫೋನ್ ಕಿವಿಗಿಟ್ಟುಕೊಂಡು, ಅವರ ನಗು ನಿಲ್ಲುವವರೆಗೂ ಸುಮ್ಮನೆ ಕುಂತೆ.